ಚಿಗರಿಗೆ ಎಷ್ಟು ನಂಬರಿನ ಗುಂಡು?

ಕೆಲಗೇರಿ ಕೆರೆಯ ಏರಿಯ ಮೇಲೆ ನಿಂತರೆ ಎರಡು ನಾಡುಗಳ ಹೊಸ್ತಿಲಲ್ಲಿ ನಿಂತಂತೆ. ಪಡುವಣಕ್ಕೆ ಗೋವಾ ರಸ್ತೆ ಅಳ್ನಾವರದ ಕಡೆ ಹೊರಡುತ್ತದೆ. ಮಣ್ಣು ಕೆಂಪಾಗುತ್ತ, ಗಿಡಗಂಟಿ ಒತ್ತಾಗುತ್ತ, ಹಳಿಯಾಳ ದಾಟುವಷ್ಟರಲ್ಲಿ ಪೂರ್ತಿ ಕಾಡು. ಮೂಡಣಕ್ಕೆ ಊರು ದಾಟಿದರೆ ನವಲಗುಂದ, ಅಣ್ಣಿಗೇರಿ, ಗದಗಿನ ಎರೆಭೂಮಿ. ಅಲ್ಲಿ ಕಣ್ಣಿಗೆ ಅಡ್ಡ ಬಂದರೆ ಒಂದು ಬನ್ನಿಗಿಡ, ಇಲ್ಲವೇ ಒಂದು ಜಾಲಿ, ಅಷ್ಟೇ. ಮಳೆ, ಬೆಳೆ, ಊಟ, ಮಾತಿನ ಧಾಟಿ ಎಲ್ಲವೂ ಈ ಗೆರೆಯ ಆಚೆ ಈಚೆ ಬದಲಾಗುತ್ತವೆ ಎಂದು ಇಲ್ಲಿನವರಿಗೆ ಗೊತ್ತು. ಬಂದೂಕೂ ಬದಲಾಗಬೇಕಿತ್ತು ಎಂಬುದು ನನಗೆ ಹೊಳೆದದ್ದು ಹಳೆಯ ಶಿಕಾರಿ ಪುಸ್ತಕಗಳನ್ನು ಓದುತ್ತ ಹೋದಾಗ.

ನನಗೆ ಬಂದೂಕು ಹಿಡಿಯುವ ಆಸೆ ಎಂದೂ ಹುಟ್ಟಲಿಲ್ಲ. ಆ ಪುಸ್ತಕಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಗಳು. .450, .500, .303, .275, .315. ತೇಜಸ್ವಿಯವರ ಕಾಡಿನ ಕಥೆಗಳ ಮೂಲಕ ಕೆನೆತ್ ಆಂಡರ್ಸನ್‌ನನ್ನು ಓದಿದವರಿಗೆ ಅವನ .405 ವಿಂಚೆಸ್ಟರ್ ಚಿರಪರಿಚಿತ. ದಶಾಂಶ ಬಿಂದುವಿನಿಂದ ಶುರುವಾಗುವ ಈ ಸಂಖ್ಯೆ ನಳಿಗೆಯ ಅಡ್ಡಳತೆ, ಇಂಚುಗಳಲ್ಲಿ. ಹನ್ನೆರಡು ಬೋರು, ಎಂಟು ಬೋರು ಎಂದರೆ ಲೆಕ್ಕ ಬೇರೆ: ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಹಿಡಿಸುವಂಥ ಗುಂಡುಗಳು ಎಷ್ಟಾಗುತ್ತವೋ ಅಷ್ಟು ಬೋರು. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಮೈಸೂರು ಸೀಮೆಯ ಆನೆ ಕಾಡುಗಳಲ್ಲಿದ್ದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ನಾಲ್ಕು ಬೋರಿನ ಬಂದೂಕಿನ ಮಾತಾಡುತ್ತಾನೆ. ಅಂದರೆ ಒಂದೊಂದು ಗುಂಡೂ ಕಾಲು ಪೌಂಡು. ಆನೆ ಹತ್ತು ಹದಿನೈದು ಗಜದಲ್ಲಿ ಮೈಮೇಲೆ ಬರುವಾಗ ಬೇಕಾದದ್ದು ಅದೇ. ಪಡುವಣದ ಕಾಡುಕೋಣಕ್ಕೂ ಭಾರದ ಗುಂಡೇ ಸರಿ. ಅಲ್ಲಿ ದೂರದ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ದೂರ ಕಾಣುವುದೇ ಇಲ್ಲ.

ಮೂಡಣದ ಚಿಗರಿಯ ಮಾತು ಬೇರೆ. ಗ್ರಂಥಗಳಲ್ಲಿ ಕೃಷ್ಣಮೃಗ, ನಮ್ಮ ಬಾಯಲ್ಲಿ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿ.ಆರ್.ಟಿ.ಎಸ್. ಬಸ್ಸಿಗೆ ಆ ಹೆಸರಿಟ್ಟ ಮೇಲೆ 'ಚಿಗರಿ ಬಂತೇನು' ಎಂದು ಕೇಳಿದರೆ ಯಾರೂ ಹೊಲದ ಕಡೆ ನೋಡುವುದಿಲ್ಲ. ಪ್ರಾಣಿ ಚಿಕ್ಕದು: ಬೆಳೆದ ಗಂಡು ಮೂವತ್ತರಿಂದ ನಲವತ್ತು ಕಿಲೋ, ಹೆಗಲಿನ ಎತ್ತರ ಎರಡೂವರೆ ಅಡಿಯ ಆಸುಪಾಸು. ಗುಂಡು ತಗುಲಿದ ತಕ್ಷಣ ಸಾಯಬೇಕೆಂದರೆ ಮುಂಗಾಲಿನ ಹಿಂದೆ, ಎರಡು ಅಂಗೈ ಅಗಲದ ಜಾಗಕ್ಕೇ ತಗುಲಬೇಕು. ಕಣ್ಣು ತೀಕ್ಷ್ಣ. ಹಿಂಡಿನಲ್ಲಿ ಹತ್ತಾರು ಜೊತೆ ಕಣ್ಣುಗಳು. ಮರೆ ಇಲ್ಲದ ಬಯಲಿನಲ್ಲಿ ನೂರೈವತ್ತು, ಇನ್ನೂರು ಗಜಕ್ಕಿಂತ ಹತ್ತಿರ ಬಿಟ್ಟುಕೊಳ್ಳುವುದು ಅಪರೂಪ. ಬೆದರಿದರೆ ಮೊದಲು ಒಂದು ಜಿಗಿತ, ಆಮೇಲೆ ಇಡೀ ಹಿಂಡೇ ಜಿಗಿತ, ಆಮೇಲೆ ಧೂಳು.

ಇನ್ನೂರು ಗಜದಲ್ಲಿ ಎರಡು ಅಂಗೈ ಅಗಲ. ಶಿಕಾರಿಯವರ ಇಡೀ ತಲೆನೋವು ಇದೇ. ಗುಂಡು ನೆಟ್ಟಗೆ ಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ನಳಿಗೆ ಬಿಟ್ಟ ಗಳಿಗೆಯಿಂದ ಅದು ಬೀಳುತ್ತಲೇ ಹೋಗುತ್ತದೆ. ಕೈಯಿಂದ ಜಾರಿಸಿದ ಕಲ್ಲು ಅರ್ಧ ಸೆಕೆಂಡಿಗೆ ನಾಲ್ಕು ಅಡಿ ಬೀಳುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ ಹಾರುವ ಗುಂಡಿಗೂ. ಹಳೆಯ ನುಣುಪು ನಳಿಗೆಯ ಬಂದೂಕಿನ ದುಂಡು ಗುಂಡು ಇನ್ನೂರು ಗಜ ಮುಟ್ಟುವಷ್ಟರಲ್ಲಿ ಐದಾರು ಅಡಿ, ಅಂದರೆ ಒಬ್ಬ ಆಳಿನೆತ್ತರ ಕುಸಿದಿರುತ್ತದೆ. ಅದರಿಂದ ಚಿಗರಿಗೆ ಗುರಿ ಇಡುವುದೆಂದರೆ ಆಕಾಶಕ್ಕೆ ಗುರಿಯಿಟ್ಟು ದೇವರ ಮೇಲೆ ಭಾರ ಹಾಕಿದಂತೆ.

ಮಧ್ಯ ಇಂಡಿಯಾದ ಕಾಡುಗಳಲ್ಲಿದ್ದ ಜೇಮ್ಸ್ ಫೋರ್ಸಿತ್ ಎಂಬ ಅಧಿಕಾರಿ 1863ರಲ್ಲಿ ಈ ಬಗ್ಗೆಯೇ ಒಂದು ಪುಸ್ತಕ ಬರೆದ. ಮದ್ದು ಹೆಚ್ಚು ಹಾಕಿ ಗುಂಡಿನ ಓಟವನ್ನು ಆದಷ್ಟು ಚಪ್ಪಟೆ ಮಾಡಬೇಕು, ದೂರ ಅಳೆಯುವ ತಪ್ಪನ್ನು ಗುಂಡಿನ ವೇಗವೇ ನುಂಗಿಹಾಕಬೇಕು ಎಂಬುದು ಅವನ ವಾದದ ತಿರುಳು. ಲಂಡನ್ನಿನ ಕಮ್ಮಾರರು ಆ ಹೊತ್ತಿಗಾಗಲೇ ಅದೇ ದಾರಿಯಲ್ಲಿದ್ದರು. ಗುಂಡನ್ನು ಹಗುರ ಮಾಡಿ ಮದ್ದನ್ನು ಹೆಚ್ಚಿಸಿದ ರೈಫಲ್ಲಿಗೆ ಹೊಸ ರೈಲಿನ ವೇಗದ ನೆನಪಿನಲ್ಲಿ 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು. .450 ಮತ್ತು .500 ಎಕ್ಸ್‌ಪ್ರೆಸ್ ರೈಫಲ್ಲುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಯಲಿನ ಬೇಟೆಯ ಆಯುಧಗಳಾಗಿದ್ದವು. ಸೆಕೆಂಡಿಗೆ ಸುಮಾರು 1,900 ಅಡಿ ವೇಗ ಎಂದು ಹಿಡಿದು ನಾನು ಲೆಕ್ಕ ಹಾಕಿದರೆ ಇನ್ನೂರು ಗಜದಲ್ಲಿ ಬೀಳುವುದು ಎರಡೂವರೆ ಅಡಿ. ಆಳೆತ್ತರಕ್ಕಿಂತ ಎಷ್ಟೋ ವಾಸಿ. ಆದರೂ ದೂರವನ್ನು ಮೂವತ್ತು ಗಜ ತಪ್ಪಾಗಿ ಅಂದಾಜಿಸಿದರೆ ಗುಂಡು ಹೊಟ್ಟೆಗೋ ಕಾಲಿಗೋ ತಗುಲುತ್ತಿತ್ತು.

ನಿಜವಾಗಿ ಆಟ ಬದಲಿಸಿದ್ದು ಹೊಗೆಯಿಲ್ಲದ ಮದ್ದು. ಬ್ರಿಟಿಷ್ ಸೈನ್ಯ 1888ರಲ್ಲಿ .303 ಅಡ್ಡಳತೆಗೆ ಇಳಿಯಿತು, ಕೆಲವೇ ವರ್ಷಗಳಲ್ಲಿ ಅದಕ್ಕೆ ಕಾರ್ಡೈಟ್ ಮದ್ದು ಬಂತು. ಯುರೋಪಿನಲ್ಲಿ ಮೌಸರನ 7 ಮಿಲಿಮೀಟರಿನ ತೋಟಾ ಬಂತು. ಇಂಗ್ಲೆಂಡಿನ ರಿಗ್ಬಿ ಕಂಪನಿ ಅದನ್ನೇ .275 ಎಂಬ ಹೆಸರಿನಲ್ಲಿ ಮಾರಿತು. ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದೂ ಇಂಥದೇ ರೈಫಲ್. 140 ಗ್ರೇನಿನ ಹಗುರ ಗುಂಡು, ಸೆಕೆಂಡಿಗೆ ಸುಮಾರು 2,700 ಅಡಿ. ಇನ್ನೂರು ಗಜದಲ್ಲಿ ಒಂದು ಅಡಿಗಿಂತ ಕಡಿಮೆ ಬೀಳುತ್ತದೆ. ಗಾಳಿಗೂ ಅಷ್ಟಾಗಿ ಸರಿಯುವುದಿಲ್ಲ, ಹೆಗಲಿಗೆ ಒದೆಯುವುದಿಲ್ಲ. ಚಿಗರಿಗೆ ಎಷ್ಟು ನಂಬರಿನ ಗುಂಡು ಎಂಬ ಪ್ರಶ್ನೆಗೆ ಬರೀ ಪ್ರಾಣಿಯನ್ನೂ ಬಯಲನ್ನೂ ನೋಡಿ ಉತ್ತರ ಹೇಳುವುದಾದರೆ ಇದೇ ಉತ್ತರ, ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷಗಳಲ್ಲೇ ಸಿಕ್ಕಿಬಿಟ್ಟಿತ್ತು. ಆಂಡರ್ಸನ್ನನ .405 ಹುಲಿಗೆ ಸರಿ, ಬಯಲಿಗೆ ಮೊಂಡು.

ಅಲ್ಲೂ ಒಂದು ತೊಡಕಿತ್ತು. ಸೈನ್ಯದ ಗುಂಡಿಗೆ ಪೂರ್ತಿ ಲೋಹದ ಹೊದಿಕೆ. ಅದು ಚಿಗರಿಯಂಥ ತೆಳು ಮೈಯನ್ನು ಸೂಜಿಯಂತೆ ಹಾಯ್ದು ಹೋಗುತ್ತದೆ, ಪ್ರಾಣಿ ಮೈಲುಗಟ್ಟಲೆ ಓಡಿ ಎಲ್ಲೋ ಹಳ್ಳದಲ್ಲಿ ಬಿದ್ದು ಸಾಯುತ್ತದೆ. ಬೇಟೆಗೆ ಬೇಕಾದದ್ದು ಮೂತಿಯಲ್ಲಿ ಸೀಸ ಬಯಲಾಗಿರುವ, ತಗುಲಿದೊಡನೆ ಅರಳುವ ಗುಂಡು. ಕಲಕತ್ತೆಯ ಹತ್ತಿರದ ದಮ್‌ದಮ್ ಕಾರ್ಖಾನೆ ಇಂಥದನ್ನು ಸೈನ್ಯಕ್ಕಾಗಿಯೇ ಮಾಡಿ ಹೆಸರು ಕೆಡಿಸಿಕೊಂಡಿತು. 1899ರಲ್ಲಿ ಹೇಗ್ ಸಮ್ಮೇಳನದಲ್ಲಿ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂಬ ಘೋಷಣೆ ಬಂತು. ಮನುಷ್ಯನಿಗೆ ಕ್ರೂರ ಎನಿಸಿದ್ದು ಪ್ರಾಣಿಗೆ ಕರುಣೆ: ಬಂದೂಕಿನ ಲೋಕದಲ್ಲಿ ಇಂಥ ತಿರುವುಮುರುವು ಬಹಳ.

ಇನ್ನು ಆ ಬಯಲನ್ನೇ ಸರಿಯಾಗಿ ನೋಡೋಣ. ಶಿಕಾರಿ ಪುಸ್ತಕಗಳ ಚಿತ್ರಗಳಲ್ಲಿ ಅದು ಖಾಲಿ. ನಿಜದಲ್ಲಿ ಎಂದೂ ಖಾಲಿ ಇರಲಿಲ್ಲ. ಹತ್ತಿ, ಜೋಳ, ಕಡಲೆ, ಗೋದಿ. ಕಳೆ ತೆಗೆಯುವ ಹೆಂಗಸರು, ಹಕ್ಕಿ ಓಡಿಸುವ ಹುಡುಗರು, ಕುರಿ ಹಿಂಡು, ಸಂತೆಗೆ ಹೊರಟ ಚಕ್ಕಡಿ. ಚಿಗರಿಯನ್ನು ಹಾಯ್ದುಹೋದ, ಇಲ್ಲವೇ ಗುರಿ ತಪ್ಪಿದ ರೈಫಲ್ ಗುಂಡು ಅಲ್ಲೇ ನಿಲ್ಲುವುದಿಲ್ಲ. .303ರ ಗುಂಡಿಗೆ ಎರಡು ಮೈಲಿನಾಚೆಗೂ ಹೋಗಿ ಬೀಳುವ ಕಸುವಿದೆ. ಗುಡ್ಡಗಾಡಿನಲ್ಲಾದರೆ ಹಿಂದಿನ ದಿಬ್ಬ ಅದನ್ನು ನುಂಗುತ್ತದೆ. ಎರೆಭೂಮಿಯಲ್ಲಿ ದಿಬ್ಬವೇ ಇಲ್ಲ. ವೇಗ ಹೆಚ್ಚಿದಷ್ಟೂ ಚಿಗರಿಗೆ ಗುರಿ ಸುಲಭವಾಗುತ್ತದೆ, ಚಿಗರಿಯ ಹಿಂದಿರುವವರಿಗೆ ಅಪಾಯ ಹೆಚ್ಚುತ್ತದೆ. ಕಂಟೋನ್ಮೆಂಟಿನ ಸೋಲ್ಜರುಗಳು ರಜೆಯ ದಿನ ಬೇಟೆಗೆ ಹೋಗಿ ಹಳ್ಳಿಗರನ್ನು ಗಾಯಗೊಳಿಸಿದ, ಕೊಂದ, ಆಮೇಲೆ ಹೊಡೆದಾಟಕ್ಕಿಳಿದ ಪ್ರಕರಣಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಡಿಯಾದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾದವು. ಬೇಟೆಗೆ ಹೋಗಲು ಪಾಸು ಕೊಡುವ, ಎಲ್ಲಿ ಹೊಡೆಯಬಾರದೆಂದು ಹೇಳುವ ನಿಯಮಗಳನ್ನು ಸರ್ಕಾರ ಮಾಡಬೇಕಾಯಿತು. ರೈಫಲ್ ಪಟ್ಟಿಗಳಲ್ಲಿ ವೇಗ, ತೂಕ, ಬೆಲೆ ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಹಿಂದಿನ ಹೊಲದಲ್ಲಿ ಬಗ್ಗಿ ಕಳೆ ತೆಗೆಯುತ್ತಿರುವ ಹೆಂಗಸಿಗೆ ಕಾಲಂ ಇಲ್ಲ.

ಅಷ್ಟು ದೂರದಿಂದ ಹೊಡೆಯಲೇಬೇಕಿತ್ತೇ ಎಂದೂ ಕೇಳಬಹುದು. ಆ ಪುಸ್ತಕಗಳಲ್ಲೇ ಉತ್ತರವಿದೆ. ಜಾಣ ಸಾಹೇಬರು ಹ್ಯಾಟು ತೆಗೆದು, ಬಾಡಿಗೆ ಚಕ್ಕಡಿಯ ಪಕ್ಕದಲ್ಲಿ ಅದರ ಗಾಲಿಯ ಮರೆಯಲ್ಲಿ ನಡೆಯುತ್ತಿದ್ದರು. ಚಿಗರಿಗೆ ಚಕ್ಕಡಿ ದಿನ ಕಾಣುವ ವಸ್ತು, ಅದಕ್ಕೆ ಬೆದರುವುದಿಲ್ಲ. ಸುತ್ತುತ್ತ ಸುತ್ತುತ್ತ ಎಂಬತ್ತು ಗಜಕ್ಕೆ ಬಂದುಬಿಡಬಹುದಿತ್ತು, ಎತ್ತು ಹೊಡೆಯುವವನಿಗೆ ಬಯಲು ಗೊತ್ತಿದ್ದರೆ. ಬೇಸಿಗೆಯಲ್ಲಿ ಕುರಿ ತರುಬಿಕೊಂಡು ಕೆಲಗೇರಿ ಕಡೆ ಬರುವ ಒಬ್ಬ ಹಿರಿಯರನ್ನು ಒಮ್ಮೆ ಈ ಬಗ್ಗೆ ಕೇಳಿದೆ. "ಅದು ಮುಖಾ ನೋಡೂದಿಲ್ರಿ ಸರ, ನಡಿಗಿ ನೋಡತೈತಿ" ಅಂದರು. "ನೆಟ್ಟಗ ಅದರ ಕಡೆ ಹೊಂಟ್ರಿ ಅಂದ್ರ ಮುಗೀತು. ಕುರಿ ಹಿಂದ ಅಡ್ಡಾಡಿಕೋತ ಹೊಂಟ್ರ ಬಾಜೂಕ ಮೇಯ್ತಿರತೈತಿ." ಎಂಬತ್ತು ಗಜವಾದರೆ ಹಳೆಯ ಬಂದೂಕೇ ಸಾಕು. ಕ್ಯಾಲಿಬರಿನ ಅರ್ಧ ಚರ್ಚೆ ನಡೆಯಲು ಬಾರದವರ ಚರ್ಚೆ ಎಂದು ನನಗೆ ಅನ್ನಿಸಿದ್ದು ಅವತ್ತು.

ನಡೆಯಲು ಬಲ್ಲವರು ಈ ಸೀಮೆಯಲ್ಲಿ ಇದ್ದೇ ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಬೇಟೆಯ ಬಗೆಗಳನ್ನೇ ಪಟ್ಟಿ ಮಾಡುತ್ತದೆ. ಪಳಗಿಸಿದ ಚಿರತೆಯನ್ನು, ಅಂದರೆ ಇವತ್ತು ನಾವು ಚೀತಾ ಎನ್ನುವ ಪ್ರಾಣಿಯನ್ನು, ಜಿಂಕೆಯ ಮೇಲೆ ಬಿಡುವ ಬೇಟೆಗೆ ನಮ್ಮ ದೇಶದಲ್ಲಿ ಸಿಗುವ ಮೊದಲ ದಾಖಲೆಯೆಂದು ಚೀತಾದ ಇತಿಹಾಸ ಬರೆದವರು ಅದನ್ನು ಎತ್ತಿಹೇಳುತ್ತಾರೆ. ಅಕ್ಬರನ ಕಾಲಕ್ಕೆ ಪಳಗಿದ ಗಂಡು ಚಿಗರಿಯ ಕೊಂಬಿಗೆ ಬಲೆ ಕಟ್ಟಿ ಕಾಡಿನ ಗಂಡಿನ ಮೇಲೆ ಕಾದಲು ಬಿಡುವ ಪದ್ಧತಿಯಿತ್ತು. ಅರಸರ ಸಂಗತಿ ಹಾಗಿರಲಿ. ನಮ್ಮ ಗದಗ-ಬೆಟಗೇರಿ, ಹುಬ್ಬಳ್ಳಿಯ ಹರಣಶಿಕಾರಿಗಳ ಹೆಸರಿನಲ್ಲೇ ಹರಿಣವಿದೆ. ಚಿಗರಿಬೇಟೆಗಾರ ಎಂಬ ಇನ್ನೊಂದು ಹೆಸರೂ ಅವರಿಗುಂಟು. ಅವರ ಆಯುಧ ಉರುಲು: ಉದ್ದ ಹಗ್ಗಕ್ಕೆ ಸಾಲಾಗಿ ಕುಣಿಕೆ ಕಟ್ಟಿ, ಗೂಟ ಬಡಿದು, ಹಿಂಡು ಹಾಯುವ ದಾರಿಗೆ ಅಡ್ಡ ಹಾಸಿ, ನಿಧಾನಕ್ಕೆ ಆ ಕಡೆ ತರುಬುವುದು. ಸದ್ದಿಲ್ಲ, ಮದ್ದಿಲ್ಲ, ಎರಡು ಮೈಲಿನಾಚೆಯ ಹೆಂಗಸಿಗೆ ಅಪಾಯವಿಲ್ಲ. ಬ್ರಿಟಿಷರ ಕಾಲದಲ್ಲಿ ಈ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾನೂನಿನ ಪಟ್ಟಿಗೆ ಸೇರಿಸಿ, ತಂತಿ ಬೇಲಿಯ ಸೆಟ್ಲಮೆಂಟುಗಳಲ್ಲಿ ಇಟ್ಟು, ಹಾಜರಿ ಹಾಕಿಸಿಕೊಂಡರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಇವತ್ತಿಗೂ ಆ ಓಣಿಗಳ ಹೆಸರು ಸೆಟ್ಲಮೆಂಟೇ. ಅದೇ ಚಿಗರಿಯನ್ನು ಅದೇ ಬಯಲಿನಲ್ಲಿ .500 ಎಕ್ಸ್‌ಪ್ರೆಸ್ಸಿನಿಂದ ಹೊಡೆದವನು ಕ್ರೀಡಾಪಟು, ಉರುಲಿನಿಂದ ಹಿಡಿದವನು ಕಳ್ಳ.

ಇಲ್ಲಿಂದ ಮುಂದೆ ನಂಬರಿನ ಪ್ರಶ್ನೆಗೆ ಉತ್ತರ ಹೇಳಿದ್ದು ಚಿಗರಿಯಲ್ಲ, ಬಯಲೂ ಅಲ್ಲ. ಸರ್ಕಾರದ ಹೆದರಿಕೆ.

ಹಲಗಲಿಯ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದಿದವರಿಗೆ ಕಥೆ ಗೊತ್ತು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಡನ ಕೈಯಿಂದ ಆಯುಧ ಕಸಿದರೆ ಅವನ ಬಳಿ ಉಳಿಯುವುದು ಬೇಡ ಎಂಬ ಹೆಸರು ಮಾತ್ರ. ಆ ವರ್ಷದ ನವೆಂಬರಿನಲ್ಲಿ ಪಡೆ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದ, ಮುಂಡರಗಿ. ಈ ಊರುಗಳೆಲ್ಲ ನಾನು ಮೇಲೆ ಹೇಳಿದ ಚಿಗರಿ ಸೀಮೆಯ ಊರುಗಳೇ. ನಕಾಶೆಯಲ್ಲಿ ಗುರುತು ಹಾಕುತ್ತ ಹೋದರೆ ಎರಡು ಇತಿಹಾಸಗಳು ಒಂದರ ಮೇಲೊಂದು ಕೂರುತ್ತವೆ.

ಅದಕ್ಕೂ ಮೊದಲು, 1824ರ ಅಕ್ಟೋಬರಿನಲ್ಲಿ, ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಿದ್ದಾಗ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಇದೇ ಎಲಿಯಟ್ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಮದರಾಸಿನ ಒಂದು ಪತ್ರಿಕೆಯಲ್ಲಿ 1839ರಲ್ಲಿ ಪ್ರಕಟಿಸಿದ, ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಸೇರಿಸಿ. ಧಾರವಾಡದ ಬಯಲಿನ ಪ್ರಾಣಿಗಳನ್ನು ಶಾಸ್ತ್ರೀಯವಾಗಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬನಾದ ಇವನಿಗೆ ಜನರ ಕೈಯಲ್ಲಿ ಬಂದೂಕಿದ್ದರೆ ಏನಾಗುತ್ತದೆ ಎಂಬುದೂ ಚೆನ್ನಾಗಿ ಗೊತ್ತಿತ್ತು.

1878ರ ಆಯುಧ ಕಾಯಿದೆ ಬಂದೂಕನ್ನು ಲೈಸೆನ್ಸಿನ ವಸ್ತುವಾಗಿಸಿತು. ಬಿಳಿಯರಿಗೆ ವಿನಾಯಿತಿ. ಕೊಡಗಿನವರಿಗೂ ಬೇರೆಯದೇ ಕಾರಣಕ್ಕೆ ವಿನಾಯಿತಿ: 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ನಿಷ್ಠೆಯನ್ನು ಮೆಚ್ಚಿ ಆಯುಧ ಒಪ್ಪಿಸುವುದರಿಂದ ಬಿಟ್ಟ. ಆ ರಿಯಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ನವೀಕರಣಗೊಂಡಿದೆ. ಕೊಡಗಿನ ಮನೆಯ ಗೋಡೆಯ ಮೇಲೆ ಕೋವಿ, ಹಲಗಲಿಯ ಮನೆಯಲ್ಲಿ ಲಾವಣಿ.

ಲೈಸೆನ್ಸು ಸಿಕ್ಕವನಿಗೂ ಯಾವ ನಂಬರು ಎಂಬ ಪ್ರಶ್ನೆ ಉಳಿಯುತ್ತಿತ್ತು. ಸರ್ಕಾರದ ತರ್ಕ ಸರಳ. ಸೈನ್ಯದ ತೋಟಾ ಕದ್ದು ಹೋದರೆ ಅದು ಯಾವ ಖಾಸಗಿ ಬಂದೂಕಿಗೂ ಹಿಡಿಸಬಾರದು, ಖಾಸಗಿಯವರ ತೋಟಾ ಕೈತಪ್ಪಿದರೆ ಅದು ದಂಗೆಕೋರರ ಕೈಯಲ್ಲಿರುವ ಸೈನ್ಯದ ಹಳೆಯ ಬಂದೂಕಿಗೂ ಒದಗಬಾರದು. ಗಡಿನಾಡಿನಲ್ಲಿ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಬೇಕಾದಷ್ಟು ಕೈಬದಲಾಗಿದ್ದವು, ಅವುಗಳ ಅಡ್ಡಳತೆ .450. ಹಾಗಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಅಳತೆಯ ತೋಟಾ ಇಂಡಿಯಾಕ್ಕೂ ಸುಡಾನಿಗೂ ಬರುವುದನ್ನೇ ನಿಲ್ಲಿಸಿದರು. ಲಂಡನ್ನಿನ ಬಂದೂಕು ಕಂಪನಿಗಳಿಗೆ ಇಂಡಿಯಾವೇ ದೊಡ್ಡ ಗಿರಾಕಿ. ರಾತ್ರೋರಾತ್ರಿ ಎಂಬಂತೆ .465, .470, .475, .476 ಎಂದು ಪಕ್ಕದ ನಂಬರುಗಳೆಲ್ಲ ಹುಟ್ಟಿಕೊಂಡವು. ಆನೆಯ ಮೈಯಲ್ಲಿ ಆ ಕೂದಲೆಳೆಯ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ. ಈಗಲೂ ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆಬಾಳುವ ಆ ರೈಫಲ್ಲುಗಳ ಹೆಸರುಗಳು ಮೂಲದಲ್ಲಿ ಒಂದು ಸರ್ಕಾರಿ ಹುಕುಮಿನಿಂದ ತಪ್ಪಿಸಿಕೊಳ್ಳುವ ಉಪಾಯಗಳು.

.303ಕ್ಕೂ ಅದೇ ಗತಿ. ಅದು ಸೈನ್ಯದ ತೋಟಾ, ಹಾಗಾಗಿ ನಿಷಿದ್ಧ. ಚಿಗರಿಗೆ ತಕ್ಕ, ದುಬಾರಿಯಲ್ಲದ, ಗಟ್ಟಿಮುಟ್ಟಾದ ರೈಫಲ್ಲು ಬೇಕೆಂದರೆ ಬ್ರಿಟಿಷ್ ಸೈನ್ಯ ಬಳಸದ ಯಾವುದಾದರೂ ತೋಟಾ ಹುಡುಕಬೇಕಿತ್ತು. ಸಿಕ್ಕಿದ್ದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನ್ಯ 1890ರ ಸುಮಾರಿಗೆ ಬಳಕೆಗೆ ತಂದ 8 ಮಿಲಿಮೀಟರಿನ ಮ್ಯಾನ್‌ಲಿಕರ್ ತೋಟಾ. ಇಂಗ್ಲಿಷ್ ಅಂಗಡಿಗಳಲ್ಲಿ ಅದರ ಹೆಸರು .315. ಲೀ-ಎನ್‌ಫೀಲ್ಡಿನ ಮೈಗೆ ಈ ಅಳತೆಯ ನಳಿಗೆ ಹಾಕಿ ಇಂಡಿಯಾದ ಪೇಟೆಗೆ ಬಿಟ್ಟರು. 244 ಗ್ರೇನಿನ ಭಾರದ ಗುಂಡು, ವೇಗ ಸೆಕೆಂಡಿಗೆ ಸುಮಾರು 2,000 ಅಡಿ. ನನ್ನ ಲೆಕ್ಕದಲ್ಲಿ ಇನ್ನೂರು ಗಜಕ್ಕೆ ಹತ್ತಿರ ಹತ್ತಿರ ಎರಡಡಿ ಬೀಳುತ್ತದೆ. ಅಂದರೆ ಬಯಲಿನ ಬೇಟೆಗೆ ಮೌಸರಿಗಿಂತ ಎರಡು ಪಾಲು ಕಳಪೆ. ಆದರೆ ಲೈಸೆನ್ಸಿಗೆ ಒಗ್ಗುತ್ತದೆ.

ಆಸ್ಟ್ರಿಯಾದ ಆ ಸಾಮ್ರಾಜ್ಯ 1918ರಲ್ಲಿ ಕುಸಿಯಿತು. ಬ್ರಿಟಿಷರು 1947ರಲ್ಲಿ ಹೋದರು. .315 ಮಾತ್ರ ಹೋಗಲಿಲ್ಲ. ಸ್ವತಂತ್ರ ಭಾರತವೂ .303 ಅನ್ನು ನಿಷಿದ್ಧ ಬೋರು ಎಂದೇ ಇಟ್ಟುಕೊಂಡಿತು, ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ಲನ್ನು ನಾಗರಿಕರಿಗಾಗಿ ಮಾಡುತ್ತ ಬಂತು. ಬ್ಯಾಂಕಿನ ಬಾಗಿಲಲ್ಲಿ ಕೂತ ಗಾರ್ಡಿನ ಮೊಣಕಾಲ ಮೇಲೆ, ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಅದನ್ನು ಕಂಡವರಿದ್ದಾರೆ. ತನ್ನದೇ ಪ್ರಜೆಗಳ ಬಗ್ಗೆ ಪರದೇಶಿ ಸರ್ಕಾರಕ್ಕಿದ್ದ ಸಂಶಯವೊಂದು ಅಡ್ಡಳತೆಯ ರೂಪದಲ್ಲಿ ಹಾಗೆಯೇ ವಾರಸಾಗಿ ಬಂದಿತು.

1959ರ ಆಯುಧ ಕಾಯಿದೆಯ ಹದಿಮೂರನೆಯ ಕಲಮನ್ನು ಓದುವುದು ಒಂದು ಅನುಭವ. ರಕ್ಷಣೆಗೆ ಅಥವಾ ಬೇಟೆಗೆ ಕೇಳಿದರೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ, ನುಣುಪು ನಳಿಗೆಯ ಬಂದೂಕು. ಬೆಳೆ ಕಾಯಲಿಕ್ಕೆಂದು ರೈತ ಕೇಳಿದರೆ ಬಾಯಿಯಿಂದ ಮದ್ದು ಗಿಡಿಯುವ ಬಂದೂಕು. ನೂರು ವರ್ಷ ಹಿಂದಿನ ಕಾಲದ ಆಯುಧವನ್ನೇ ಕಾನೂನು ರೈತನ ಕೈಗೆ ಕೊಟ್ಟಿತು. ನಮ್ಮ ಅಜ್ಜನ ಹತ್ತಿರ ಹನ್ನೆರಡು ಬೋರಿನ ಒಂಟಿ ನಳಿಗೆಯದೊಂದಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಜಮಾ ಮಾಡಿ ಚೀಟಿ ತರಬೇಕಾಗುತ್ತಿತ್ತು. ಅಜ್ಜ ಅದರಿಂದ ಚಿಗರಿ ಹೊಡೆದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಹೊಡೆದದ್ದೆಲ್ಲ ಗಾಳಿಗೆ, ಸದ್ದಿಗಾಗಿ. ಒಂದು ಚರೆ ತೋಟಾದ ಬೆಲೆಗೆ ಒಂದು ಹೊತ್ತಿನ ಕೂಲಿಯಾಗುತ್ತದೆ ಎಂದು ಅಜ್ಜಿ ಗೊಣಗುತ್ತಿದ್ದಳಂತೆ.

ಎಲ್ಲರೂ ಗಾಳಿಗೆ ಹೊಡೆಯಲಿಲ್ಲ. ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಹೆಚ್ಚು ಬೆಳೆಯಿರಿ ಎಂಬ ಕೂಗಿನ ಜೊತೆಗೆ ಬೆಳೆ ಕಾಯುವ ಬಂದೂಕುಗಳನ್ನು ಧಾರಾಳವಾಗಿ ಹಂಚಲಾಯಿತು. ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದ ಸೈನ್ಯದ ಜೀಪುಗಳು ಸೇರಿಕೊಂಡವು. ಬಯಲಿಗೆ ಜೀಪು ಇಳಿಸಿ, ರಾತ್ರಿ ದೀಪ ಬಿಟ್ಟರೆ ಚಿಗರಿ ಕಣ್ಣು ಕೋರೈಸಿ ನಿಂತಲ್ಲೇ ನಿಲ್ಲುತ್ತದೆ. ಮೂವತ್ತು ಗಜದಲ್ಲಿ ನಿಂತ ಪ್ರಾಣಿಗೆ ಯಾವ ನಂಬರಾದರೇನು? ಎಕ್ಸ್‌ಪ್ರೆಸ್ಸಿನಿಂದ ಮೌಸರಿನವರೆಗೆ ದಶಕಗಟ್ಟಲೆ ಲೆಕ್ಕ ಹಾಕಿ ಹಾಕಿ ಕಂಡುಕೊಂಡ ಜಾಣತನವನ್ನೆಲ್ಲ ಒಂದು ಬ್ಯಾಟರಿ ದೀಪ ನಿರರ್ಥಕ ಮಾಡಿತು. ಸಾವಿರಗಟ್ಟಲೆ ಇದ್ದ ಹಿಂಡುಗಳು ನೂರಾದವು, ನೂರು ಹತ್ತಾದವು. ಅದನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ದೇಶದಿಂದಲೇ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಣೆಯಾಯಿತು. ಅಭಯಾರಣ್ಯ ಎಂಬ ಶಬ್ದದಲ್ಲೇ ಅರಣ್ಯವಿದೆಯಲ್ಲ, ಅದಕ್ಕೋ ಏನೋ ಅಲ್ಲಿ ಹೆಚ್ಚಾಗಿ ಕಾಣುವುದು ನೀಲಗಿರಿ ನೆಡುತೋಪು. ಚಿಗರಿಗೆ ಬೇಕಾದದ್ದು ಗಿಡವಲ್ಲ, ಬಯಲು. ಅದು ತೋಪಿನಿಂದ ಹೊರಬಿದ್ದು ಹೊಲಕ್ಕೇ ನಡೆಯುತ್ತದೆ.

ಈಗ ಗದಗ, ಕೊಪ್ಪಳ, ಹಾವೇರಿ ಕಡೆಯ ರೈತರನ್ನು ಕೇಳಿದರೆ ಚಿಗರಿಯ ಹೆಸರೆತ್ತಿದೊಡನೆ ಮುಖ ಗಂಟಾಗುತ್ತದೆ. ಹೆಸರು, ಕಡಲೆ, ಮೆಕ್ಕೆಜೋಳ ಎರಡೆಲೆ ಒಡೆಯುವ ಹೊತ್ತಿಗೆ ಹಿಂಡು ಇಳಿಯುತ್ತದೆ. ಒಂದು ರಾತ್ರಿಗೆ ಎಕರೆಯ ಬಿತ್ತನೆ ಮುಗಿಯುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಪರಿಹಾರಕ್ಕೆ ಅರ್ಜಿ, ಫೋಟೋ, ಉತಾರ, ಓಡಾಟ. ಪ್ರಾಣಿಪ್ರಿಯರು ಪೇಟೆಯಲ್ಲಿದ್ದಾರೆ, ಪ್ರಾಣಿ ಹೊಲದಲ್ಲಿದೆ, ಈ ಸಿಟ್ಟನ್ನು ನಾನು ಸುಳ್ಳೆನ್ನಲಾರೆ. ಹಾಗೆಂದು ಬಂದೂಕು ಕೊಡಿ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಇವತ್ತಿನ ಬಯಲು ಎಲಿಯಟ್ಟನ ಬಯಲಲ್ಲ. ನೂರೈವತ್ತು ಗಜಕ್ಕೊಂದು ಪಂಪ್‌ಸೆಟ್ಟು, ಪಂಪ್‌ಸೆಟ್ಟಿನ ಹತ್ತಿರ ಮಲಗಿದ ಒಬ್ಬ ಮನುಷ್ಯ. ಅಲ್ಲಿ ಹಾರಿಸಬಹುದಾದ ನಂಬರು ಯಾವ ಪಟ್ಟಿಯಲ್ಲೂ ಇಲ್ಲ.

ಕಳೆದ ಹಿಂಗಾರಿಯಲ್ಲಿ ಅಣ್ಣಿಗೇರಿ ಹತ್ತಿರ ಪರಿಚಯದವರ ಹೊಲಕ್ಕೆ ಹೋಗಿದ್ದೆ. ಬದುವಿನ ಉದ್ದಕ್ಕೂ ಗೂಟ ನೆಟ್ಟು ಹಳೆಯ ಸೀರೆ ಕಟ್ಟಿದ್ದರು, ಕೆಂಪು, ಹಳದಿ, ಇಳಕಲ್ಲಿನ ಅಂಚಿನ ಒಂದು ಕಪ್ಪು. ಗಾಳಿಗೆ ಹಾಯಿಯಂತೆ ಉಬ್ಬುತ್ತಿದ್ದವು. ಇದಕ್ಕೆ ಚಿಗರಿ ಬರುವುದಿಲ್ಲವೇ ಎಂದು ಕೇಳಿದೆ. "ಎಂಟು ದಿನಾ ಬರೂದಿಲ್ರಿ," ಅಂದರು, "ಆಮ್ಯಾಲ ರೂಢಿ ಆಗತೈತಿ. ಆವಾಗ ಸೀರಿ ಬದಲಿ ಮಾಡತೀವಿ."